ಉಡುತಡಿಯಿಂದ ಕಡಲ ತಡಿಗೆ

ಮರಿಯಮ್ಮನಹಳ್ಳಿಯವರಾದ ನಮಗೆ ನೀರೆಂದರೆ ಹೊಸದಲ್ಲ. ಹೊಸಪೇಟೆಯಿಂದ ಹೆದ್ದಾರಿಯಲ್ಲಿ ದಕ್ಷಿಣಾಭಿಮುಖವಾಗಿ ಬರುವವರಿಗೆ ನಮ್ಮೂರು ಸಮೀಪಿಸುವ ಮುನ್ನವೇ ಬಲಮಗ್ಗುಲಿಗೆ ತುಂಗಭದ್ರಾ ಜಲಾಶಯದ ಹಿನ್ನೀರು ದೃಗ್ಗೋಚರವಾಗುತ್ತದೆ. 1953ರಲ್ಲಿ ಅಣೆಕಟ್ಟು ಸಿದ್ಧಗೊಂಡು ನೀರು ನಿಂತಾಗ ನಾರಾಯಣದೇವರಕೆರೆಯಂತಹ ತುಂಬಿದ ಊರುಗಳು ಮುಳುಗಿದವು. ಅಲ್ಲಿಯ ಅನೇಕ ಮನೆತನಗಳು ನಮ್ಮೂರಿಗೆ ಬಂದು ನೆಲೆಸಿದವು. ಹೀಗೆ ನೀರಿನ ದೆಸೆಯಿಂದಲೇ ಬೆಳೆದ ಊರು ನಮ್ಮದು. ಆದರೂ ನಮ್ಮ ಮನೆಯ ಹಿರಿಯ ಜೀವ, ಎಪ್ಪತ್ತೆಂಟು ವರ್ಷದ ದೊಡ್ಡವ್ವ, ಸಮುದ್ರವನ್ನು ಕಂಡಿರಲಿಲ್ಲ. ಶ್ರೀಶೈಲಕ್ಕೆ ನಡೆದು ಹೋಗಿ ಬಂದವರು, ಕೂಡಲಸಂಗಮಕ್ಕೆ ಲೆಕ್ಕವಿಲ್ಲದಷ್ಟು ಬಾರಿ ಹೋದವರು. ಕಡಲು ಮಾತ್ರ ಕೂಡಿ ಬಂದಿರಲಿಲ್ಲ.

ಕೂಡಿ ಬಂದದ್ದು ಒಂದು ವಿಚಿತ್ರ ಕಾರಣದಿಂದ. ನಮ್ಮ ಅಣ್ಣನ ಮೊಮ್ಮಗನೊಬ್ಬ ಯೂರೋಪಿನಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ಬೇಸಿಗೆಯಲ್ಲಿ ಅವನು ಗೆಳೆಯರೊಡನೆ ಗ್ರೀಸ್ ದೇಶದ ಗಾವ್ಡೋಸ್ ಎಂಬ ಪುಟ್ಟ ದ್ವೀಪಕ್ಕೆ ಹೋಗಿದ್ದನಂತೆ. ಕ್ರೀಟ್ ಎಂಬ ದೊಡ್ಡ ದ್ವೀಪದ ದಕ್ಷಿಣಕ್ಕೆ, ಹಡಗಿನಲ್ಲಿ ಕೆಲವು ತಾಸುಗಳ ಹಾದಿಯಲ್ಲಿ ಅದಿದೆ. ಯೂರೋಪಿನ ದಕ್ಷಿಣದ ತುದಿಯೇ ಅದು ಎನ್ನುತ್ತಾರೆ. ಅಲ್ಲಿಯ ಸಂತ ಯೋಹಾನನ ಹೆಸರಿನ ಕಡಲ ದಂಡೆಗೆ ವಾಹನ ಹೋಗುವುದಿಲ್ಲ. ಮರಳ ದಿಬ್ಬಗಳ ನಡುವೆ ನಡೆದೇ ಹೋಗಬೇಕು. ಹೋದರೆ, ಅಲ್ಲಿ ಮುದುಕರು, ಮುದುಕಿಯರು, ಮಕ್ಕಳೊಂದಿಗರು ಬಟ್ಟೆಯ ಹಂಗಿಲ್ಲದೆ ಈಜುತ್ತಿದ್ದಾರೆ, ಓದುತ್ತಿದ್ದಾರೆ, ನಿದ್ದೆ ಮಾಡುತ್ತಿದ್ದಾರೆ! ಯಾರೂ ಯಾರನ್ನೂ ನೋಡುತ್ತಿಲ್ಲ. ಪೂರ್ತಿ ಬಟ್ಟೆ ತೊಟ್ಟು ನಿಂತಿದ್ದ ತನಗೇ ನಾಚಿಕೆಯಾಯಿತೆಂದು ಹುಡುಗ ದೂರವಾಣಿಯಲ್ಲಿ ದೊಡ್ಡವ್ವನಿಗೆ ಹೇಳಿಬಿಟ್ಟ. ಹಿರಿಯರೆದುರು ಆಡುವ ಮಾತೇ ಎಂದು ಮನೆಯ ಗಂಡಸರು ಮುಖ ಕೆಂಪಗೆ ಮಾಡಿಕೊಂಡರು. ದೊಡ್ಡವ್ವ ಮಾತ್ರ, "ಸಮುದ್ರ ಹೆಂಗೈತಿ ಅದನ್ನ ಹೇಳೋ ತಮ್ಮಾ" ಎಂದರು. ಹುಡುಗ ವರ್ಣಿಸಿದ. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಹೊರಬಂದವರೇ, "ನಮ್ಮ ಕಡೀಗೂ ಸಮುದ್ರ ಐತಲ್ಲ, ಯಾವಾಗ ಕರಕೊಂಡು ಹೋಗ್ತೀರಿ?" ಎಂದು ಕೇಳಿದರು.

ಗ್ರೀಕರ ವಿಷಯ ಬಂದಾಗ ಒಂದು ಮಾತು. ನಮ್ಮ ಮನೆಯ ಹುಡುಗರು ಹೊಸಪೇಟೆಗೆ ಹೋಗಿ ಕಬ್ಬಿಣ ಎತ್ತುವ ಸ್ಥಳಕ್ಕೆ 'ಜಿಮ್' ಎನ್ನುತ್ತಾರಲ್ಲ, ಆ ಪದದ ಮೂಲ 'ಬೆತ್ತಲೆ' ಎಂಬ ಅರ್ಥದ ಗ್ರೀಕ್ ಶಬ್ದ. ಪ್ರಾಚೀನ ಗ್ರೀಕರು ಬತ್ತಲಾಗಿಯೇ ಅಂಗಸಾಧನೆ ಮಾಡುತ್ತಿದ್ದರು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಲೆಗ್ಸಾಂಡರನೊಡನೆ ತಕ್ಷಶಿಲೆಯ ಕಡೆ ಬಂದ ಅದೇ ಗ್ರೀಕರು ನಮ್ಮ ದೇಶದ ನಗ್ನ ತಪಸ್ವಿಗಳನ್ನು ಕಂಡು ಅಚ್ಚರಿಪಟ್ಟು, ಅವರಿಗೆ 'ಬೆತ್ತಲೆ ಜ್ಞಾನಿಗಳು' ಎಂಬರ್ಥದ ಹೆಸರಿಟ್ಟರು. ಅವರ ಬೆತ್ತಲೆ ದೇಹದ ಸೌಷ್ಠವಕ್ಕಾಗಿ, ಇವರ ಬೆತ್ತಲೆ ದೇಹವನ್ನೇ ಮರೆಯುವುದಕ್ಕಾಗಿ. ಈಗಿನ ಗ್ರೀಸಿನಲ್ಲಿ 1983ರಲ್ಲಿ ಈ ಕುರಿತು ಒಂದು ಕಾಯಿದೆಯೇ ಆಗಿ, ಗೊತ್ತುಪಡಿಸಿದ ಸ್ಥಳಗಳಲ್ಲಿ ಇದಕ್ಕೆ ಅವಕಾಶ ದೊರೆತಿದೆ.

ಸಂಕ್ರಾಂತಿ ಕಳೆದ ಮೇಲೆ, ಕಡಲು ಶಾಂತವಾಗಿರುವ ಕಾಲದಲ್ಲಿ, ನಾವು ಮೂರು ಮನೆಯ ಹನ್ನೊಂದು ಜನ ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ಗೋಕರ್ಣಕ್ಕೆ ಹೊರಟೆವು. ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಎಂದು ಹೆದ್ದಾರಿ ಹಿಡಿದರೆ ನೇರ ದಾರಿ. ಆದರೆ ದೊಡ್ಡವ್ವನ ಅಪೇಕ್ಷೆಯಂತೆ ಹರಪನಹಳ್ಳಿ, ಹರಿಹರ, ಶಿಕಾರಿಪುರದ ಮೇಲೆ ಹೋಗುವುದೆಂದಾಯಿತು. ಉಡುತಡಿಯ ದರ್ಶನವಾಗದೆ ಆ ಕಡೆಗೆ ಕಾಲಿಡುವುದಿಲ್ಲವೆಂದು ಅವರ ಹಟ. ಬುತ್ತಿಗೆ ಸಜ್ಜೆಯ ರೊಟ್ಟಿ, ಶೇಂಗಾದ ಹಿಂಡಿ, ಗುರೆಳ್ಳ ಪುಡಿ, ಮೊಸರನ್ನದ ಡಬ್ಬಿಗಳು. ಕರಾವಳಿಯ ಊಟ ಹೇಗೋ ಏನೋ ಎಂಬ ಅಳುಕು ಹೆಂಗಸರಿಗೆ ಇದ್ದೇ ಇತ್ತು.

ಹರಪನಹಳ್ಳಿ ದಾಟುವಷ್ಟರಲ್ಲಿ ವಾಹನದೊಳಗೆ ವಾಗ್ವಾದ ಆರಂಭವಾಯಿತು. ಗೋಕರ್ಣದ ದಂಡೆಗಳಲ್ಲಿ ವಿದೇಶೀಯರು ಅರೆಬೆತ್ತಲಾಗಿ ಮಲಗಿರುತ್ತಾರೆಂದೂ, ಕುಟುಂಬ ಸಮೇತ ಹೋಗುವ ಸ್ಥಳ ಅದಲ್ಲವೆಂದೂ ನಮ್ಮ ತಮ್ಮಂದಿರೊಬ್ಬರ ಆಕ್ಷೇಪ. ಅದೇನು ನಮಗೆ ಕಾಣದ ನೋಟವೇ? ಹಂಪಿಯ ಎದುರಿಗೆ, ತುಂಗಭದ್ರೆಯ ಕವಲುಗಳ ನಡುವಿನ ವಿರೂಪಾಪುರ ಗಡ್ಡೆಯಲ್ಲಿ ಎಷ್ಟೋ ವರ್ಷ ಅದೇ ನೋಟವಿತ್ತು. ದೋಣಿಯಲ್ಲಿ ಆಚೆ ದಾಟಿದರೆ ಗದ್ದೆಯ ಬದುವಿನ ಗುಡಿಸಲುಗಳಲ್ಲಿ ಪರದೇಶದವರು ತಿಂಗಳುಗಟ್ಟಲೆ ತಂಗುತ್ತಿದ್ದರು. ಬಂಡೆಗಳ ಮೇಲೆ ಬಿಸಿಲಿಗೆ ಮೈಯೊಡ್ಡಿ ಮಲಗುತ್ತಿದ್ದರು. ಸುತ್ತಣ ಊರುಗಳಿಂದ ಅವರನ್ನು ನೋಡಲೆಂದೇ ಹೋಗುತ್ತಿದ್ದ ನಮ್ಮವರ ಸಂಖ್ಯೆಯೂ ಕಡಿಮೆಯದಲ್ಲ. ಪಾರಂಪರಿಕ ವಲಯದಲ್ಲಿ ಅನಧಿಕೃತವಾಗಿ ಕಟ್ಟಿದ್ದೆಂದು 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೆರವಿನ ಆದೇಶವನ್ನು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಗಡ್ಡೆಯ ವಸತಿಗೃಹಗಳೆಲ್ಲ ನೆಲಸಮವಾದವು. ಸ್ಮಾರಕಗಳ ದೃಷ್ಟಿಯಿಂದ ಅದು ಸರಿಯಾದ ಕ್ರಮವೆಂದೇ ನಮ್ಮ ಅಭಿಪ್ರಾಯ. ದೋಣಿ ನಡೆಸಿ, ಅನ್ನ ಬೇಯಿಸಿ ಬದುಕಿದ್ದ ಮನೆಗಳ ಕಷ್ಟವನ್ನೂ ಕಂಡಿದ್ದೇವೆ.

"ಅವರು ಹಾಗೆ ಇರುವುದರಿಂದಲೇ ಅನಾಹುತಗಳಾಗುವುದು" ಎಂದರು ತಮ್ಮಂದಿರು. ಹೊಸಪೇಟೆಯಲ್ಲಿ ವಕೀಲಿ ಮಾಡುವ ನಮ್ಮ ಸೊಸೆ ಹಿಂದಿನ ಆಸನದಿಂದ ಮೆಲ್ಲಗೆ ಕೇಳಿದಳು: "ಹಾಗಾದರೆ ಸಾಣಾಪುರದಲ್ಲಿ ಆದದ್ದೇನು, ಮಾವಾ?" 2025ರ ಮಾರ್ಚ್ ತಿಂಗಳ ಆ ರಾತ್ರಿಯನ್ನು ನಮ್ಮ ಸೀಮೆಯಲ್ಲಿ ಮರೆತವರಿಲ್ಲ. ಎಡದಂಡೆ ಕಾಲುವೆಯ ಏರಿಯ ಮೇಲೆ ನಕ್ಷತ್ರ ನೋಡುತ್ತ ಕುಳಿತಿದ್ದವರ ಮೇಲೆ ದುಷ್ಕರ್ಮಿಗಳು ಎರಗಿದರು. ವಿದೇಶದ ಒಬ್ಬ ಮಹಿಳೆ, ನಮ್ಮ ನಾಡಿನ ಒಬ್ಬ ಮಹಿಳೆ ಅತ್ಯಾಚಾರಕ್ಕೊಳಗಾದರು. ಜೊತೆಗಿದ್ದವರನ್ನು ಕಾಲುವೆಗೆ ನೂಕಲಾಗಿ ಒಬ್ಬ ಯುವಕ ಅಸುನೀಗಿದ. ನಕ್ಷತ್ರ ನೋಡುವುದಕ್ಕೂ ಬಟ್ಟೆಗೂ ಏನು ಸಂಬಂಧ? ಯಾರೂ ಉತ್ತರಿಸಲಿಲ್ಲ. ಬಹಳ ಹೊತ್ತು ವಾಹನದಲ್ಲಿ ಗಾಳಿಯ ಸದ್ದೊಂದೇ ಇತ್ತು.

ಉಡುತಡಿಯನ್ನು ತಲುಪಿದಾಗ ಮಧ್ಯಾಹ್ನ. ಶಿಕಾರಿಪುರದಿಂದ ಶಿರಾಳಕೊಪ್ಪದ ಕಡೆಗೆ ಹೋಗುವ ಹಾದಿಯಲ್ಲಿ ಉಡುಗಣಿಯೆಂದು ಕರೆಯಲ್ಪಡುವ ಆ ಊರಿನ ನೆಲ ಮುಟ್ಟಿ ದೊಡ್ಡವ್ವ ಕಣ್ಣಿಗೊತ್ತಿಕೊಂಡರು. ಹಾಳು ಕೋಟೆಯ ಕುರುಹುಗಳ ಬದಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಅಕ್ಕನ ಎತ್ತರದ ಪ್ರತಿಮೆ ಎದ್ದು ನಿಂತಿದೆ. ಉದ್ಯಾನ, ವಿದ್ಯುದ್ದೀಪ ಎಲ್ಲವೂ ಆಗಿದೆ. ನಮಗೆ ಹಿಡಿಸಿದ್ದು ಆ ವೈಭವಕ್ಕಿಂತ ಕೋಟೆಯ ಗೋಡೆಯ ನೆರಳು. ಅಲ್ಲಿ ಕುಳಿತು ರೊಟ್ಟಿ ಬಿಚ್ಚಿದೆವು.

ಅಕ್ಕನ ಕಥೆ ಈ ಪತ್ರಿಕೆಯ ಮನೆಗಳಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಕೌಶಿಕನ ಅರಮನೆಯಿಂದ ಉಟ್ಟದ್ದನ್ನು ಕಳಚಿ, ಕೇಶವನ್ನೇ ಅಂಬರವಾಗಿಸಿಕೊಂಡು ಹೊರನಡೆದ ಆಕೆ, ಇಂದು ನಾವು ಟೆಂಪೋದಲ್ಲಿ ಬಂದ ಇದೇ ಬಯಲಿನ ಎಲ್ಲೋ ಒಂದು ಹಾದಿಯಲ್ಲಿ ಒಬ್ಬಂಟಿಯಾಗಿ ಕಲ್ಯಾಣದ ದಿಕ್ಕಿಗೆ ನಡೆದಿರಬೇಕು. ಹೆಣ್ಣುಮಗಳೊಬ್ಬಳು ಆ ಸ್ಥಿತಿಯಲ್ಲಿ ಅಷ್ಟು ದೂರ! ಹಾದಿಯಲ್ಲಿ ಕಣ್ಣುಗಳು ಇರಲಿಲ್ಲವೇ? ಶೂನ್ಯಸಂಪಾದನೆಯಲ್ಲಿ ಬರುವಂತೆ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಆಕೆಯನ್ನು ಕಟುವಾಗಿಯೇ ಪರೀಕ್ಷಿಸಿದರು. ಸೀರೆಯನ್ನು ತೊರೆದವಳು ಕೂದಲಿನ ಮರೆಯನ್ನೇಕೆ ಬಿಡಲಿಲ್ಲವೆಂಬುದು ಅವರ ಪ್ರಶ್ನೆಯ ತಿರುಳು. ಅದು ತನ್ನ ಲಜ್ಜೆಗಾಗಿ ಇಟ್ಟುಕೊಂಡ ಮರೆಯಲ್ಲ, ಕಂಡವರ ಮನಸ್ಸು ನೋಯದಿರಲೆಂದು ಇಟ್ಟುಕೊಂಡದ್ದು ಎಂಬುದು ಅಕ್ಕನ ಉತ್ತರದ ಭಾವ. ಈ ಪ್ರಸಂಗವನ್ನು ನಾವು ನೂರು ಸಲ ಪ್ರವಚನಗಳಲ್ಲಿ ಕೇಳಿದ್ದೆವು. ಆದರೆ ಗೋಡೆಯ ನೆರಳಿನಲ್ಲಿ ಸೊಸೆ ಹೇಳಿದ ಒಂದು ಮಾತು ಹೊಸದಾಗಿತ್ತು: ಅಕ್ಕನನ್ನು ನಾವು ಪೂಜಿಸುವುದು ಎಂಟುನೂರು ವರ್ಷದ ದೂರದಿಂದ, ಆಕೆ ಇಂದು ಹೊಸಪೇಟೆಯ ಬಸ್‌ನಿಲ್ದಾಣದಲ್ಲಿ ಇಳಿದರೆ ಮೊದಲು ಕೈ ಮುಗಿಯುವವರಾರು, ಮೊದಲು ಮೊಬೈಲ್ ಎತ್ತುವವರಾರು?

ಪ್ರಭುಗಳ ಜನ್ಮಸ್ಥಳವಾದ ಬಳ್ಳಿಗಾವಿ ಹತ್ತಿರದಲ್ಲೇ. ಕೇದಾರೇಶ್ವರ ದೇವಾಲಯವನ್ನೂ ಗಂಡಭೇರುಂಡದ ಕಂಬವನ್ನೂ ಹೊತ್ತಿಗೆ ಅಂಜಿ ಅವಸರದಲ್ಲಿ ನೋಡಿ ಹೊರಟೆವು.

ಸೊರಬ ದಾಟಿದ ಮೇಲೆ ಚಂದ್ರಗುತ್ತಿಯ ಬೆಟ್ಟ ಕಂಡಿತು. ರೇಣುಕಾಂಬೆಯ ಗುಹಾಲಯ ಅದರ ಇಳಿಜಾರಿನಲ್ಲಿದೆ. ರೇಣುಕೆ-ಎಲ್ಲಮ್ಮರ ಕಥೆಗೆ ನಮ್ಮೂರಿನಲ್ಲಿ ಪರಿಚಯ ಬೇಕಿಲ್ಲ. 2021ರಲ್ಲಿ ಪದ್ಮಶ್ರೀ ಪಡೆದ ಮಾತಾ ಮಂಜಮ್ಮ ಜೋಗತಿಯವರು ಮರಿಯಮ್ಮನಹಳ್ಳಿಯವರೇ, ಆ ಕಥೆಯನ್ನು ಕುಣಿದು ಹಾಡಿ ನಾಡಿಗೆಲ್ಲ ಮುಟ್ಟಿಸಿದವರು. ಮಗನ ಕೊಡಲಿಗೆ ಅಂಜಿ ಓಡಿದ ತಾಯಿಯ ಮೈಮೇಲಿನ ಬಟ್ಟೆ ಜಾರಿ ಹೋಗಲು, ಆಕೆ ಈ ಗುಹೆಯನ್ನು ಹೊಕ್ಕು ಮರೆಯಾದಳೆಂದು ಇಲ್ಲಿಯ ನಂಬಿಕೆ. ಅದರ ನೆನಪಿಗಾಗಿ ಹರಕೆ ಹೊತ್ತವರು, ಗಂಡಸರು, ಹೆಂಗಸರು, ಮಕ್ಕಳು, ವರದಾ ನದಿಯಲ್ಲಿ ಮಿಂದು, ಬತ್ತಲಾಗಿ ಗುಡಿಯವರೆಗೆ ಬರುವ ಬೆತ್ತಲೆ ಸೇವೆ ಬಹುಕಾಲ ನಡೆದಿತ್ತು. ಬರುತ್ತಿದ್ದವರಲ್ಲಿ ಬಡವರು, ಕೆಳಜಾತಿಯವರೇ ಹೆಚ್ಚು. ಅವರನ್ನು ನೋಡಲು ಬರುತ್ತಿದ್ದವರು ಬೇರೆ; ಕ್ಯಾಮೆರಾ ಹಿಡಿದವರೂ ಅವರಲ್ಲಿದ್ದರು.

1986ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಬೇಕೆಂದು ದಲಿತ ಸಂಘಟನೆಯ ಕಾರ್ಯಕರ್ತರು ಬಂದರು. ಪೊಲೀಸರು, ಪತ್ರಕರ್ತರು ಸೇರಿದರು. ರೊಚ್ಚಿಗೆದ್ದ ಭಕ್ತರ ಗುಂಪು ತಡೆಯಲು ಬಂದವರನ್ನೇ ಹಿಡಿದು ಬಟ್ಟೆ ಕಿತ್ತಿತು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಅನಂತರ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಆಗ ಮನೆಯಲ್ಲಿ ಪತ್ರಿಕೆಯನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಟ್ಟಿದ್ದು ನಮಗೆ ನೆನಪಿದೆ. ನಿಷೇಧ ಒಳ್ಳೆಯದೇ ಆಯಿತು. ಅಕ್ಕ ತಾನಾಗಿ ಕಳಚಿದಳು; ಇಲ್ಲಿಯ ಹೆಣ್ಣುಮಕ್ಕಳು ಹರಕೆಯ ಭಯಕ್ಕೆ, ಹಿರಿಯರ ಒತ್ತಾಯಕ್ಕೆ ಕಳಚಿದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನಾವು ಹೋದ ಸಂಜೆ ಗುಡಿಯ ಮೆಟ್ಟಿಲ ಮೇಲೆ ಜನವಿರಲಿಲ್ಲ. ಬೇವಿನ ಸೊಪ್ಪು ಮಾರುವ ಒಬ್ಬ ಅಜ್ಜಿಯನ್ನು ದೊಡ್ಡವ್ವ ಹಳೆಯ ಸೇವೆಯ ಬಗೆಗೆ ಕೇಳಿದರು. ಆಕೆ ಸೊಪ್ಪಿಗೆ ನೀರು ಚಿಮುಕಿಸುತ್ತ, "ಆಗ ನನಗೆ ಚಳಿಯಾಗ್ತಿತ್ತು" ಎಂದಷ್ಟೇ ಹೇಳಿದರು.

ಶಿರಸಿಯಲ್ಲಿ ಪರಿಚಯದವರ ಮನೆಯಲ್ಲಿ ತಂಗಿ, ಮರುದಿನ ದೇವಿಮನೆ ಘಟ್ಟವನ್ನಿಳಿದು ಕುಮಟಾ ತಲುಪಿ, ಮಿರ್ಜಾನ್ ಬಳಿ ಅಘನಾಶಿನಿಯನ್ನು ದಾಟಿ ಗೋಕರ್ಣವನ್ನು ಸೇರಿದೆವು. ಮಹಾಬಲೇಶ್ವರನ ಸನ್ನಿಧಿ, ಕೋಟಿತೀರ್ಥ ಇವುಗಳನ್ನು ಕುರಿತು ಬರೆದವರು ಬಹಳ ಮಂದಿಯಿದ್ದಾರೆ. ನಾವು ಅದನ್ನು ಇಲ್ಲಿ ಬೆಳೆಸುವುದಿಲ್ಲ. ಊರಿನ ಮುಂದಿನ ದಂಡೆಯಲ್ಲಿ ದೊಡ್ಡವ್ವ ಮೊದಲ ಬಾರಿಗೆ ಸಮುದ್ರವನ್ನು ಕಂಡರು. ಏನೂ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ, "ಆಚೆ ದಂಡಿ ಇಲ್ಲೇನು?" ಎಂದು ಕೇಳಿದರು. ಜನಸಂದಣಿ, ಒಂಟೆ ಸವಾರಿ, ಗಿರಿಗಿಟ್ಟೆಯ ಅಂಗಡಿಗಳ ಗದ್ದಲದಲ್ಲಿ ನೀರಿಗಿಳಿಯಲು ಅವರಿಗೆ ಮನಸ್ಸಾಗಲಿಲ್ಲ. ಜನವಿಲ್ಲದ ತಾವು ಬೇಕೆಂದರು.

ಗೋಕರ್ಣದ ದಕ್ಷಿಣಕ್ಕೆ ಗುಡ್ಡಗಳು ಕಡಲಿನೊಳಕ್ಕೆ ಚಾಚಿಕೊಂಡಿವೆ. ಒಂದೊಂದು ಗುಡ್ಡದ ಸಂದಿನಲ್ಲಿ ಒಂದೊಂದು ಮರಳ ದಂಡೆ: ಕುಡ್ಲೆ, ಅದರಾಚೆ ಓಂ, ಅದರಾಚೆ ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ನಡುವೆ ಬಂಡೆಯ ಮೂಗು ಹೊರಚಾಚಿ ಎರಡು ಕಮಾನುಗಳಾಗಿರುವುದರಿಂದ ಗುಡ್ಡದ ಮೇಲಿನಿಂದ ಓಂಕಾರದಂತೆ ಕಾಣುವ ದಂಡೆಗೆ ಆ ಹೆಸರು. ಓಂ ದಂಡೆಯವರೆಗೆ ವಾಹನ ಹೋಗುತ್ತದೆ; ಆಚೆಯವೆರಡಕ್ಕೆ ಗುಡ್ಡದ ಕಾಲುದಾರಿ, ಇಲ್ಲವೇ ದೋಣಿ. ಗೋವೆಯಲ್ಲಿ ಗದ್ದಲ ಹೆಚ್ಚಿದ ಮೇಲೆ ಏಕಾಂತ ಬಯಸಿದ ಹಿಪ್ಪಿಗಳು ಈ ಕಡೆಗೆ ಸರಿದು ಬಂದರು. ತೆಂಗಿನ ಗರಿಯ ಗುಡಿಸಲು, ಗಿಟಾರು, ಹಸಿದಾಗ ಅವಲಕ್ಕಿ, ಬಾಳೆಹಣ್ಣು. ಹೊರಗಣ್ಣು ಬೀಳದ ಕೊನೆಯ ದಂಡೆಗಳಲ್ಲಿ ಅವರು ಬಟ್ಟೆಯಿಲ್ಲದೆಯೂ ಮೀಯುತ್ತಿದ್ದರೆಂಬುದು ಅಲ್ಲಿಯ ಜನಕ್ಕೆಲ್ಲ ತಿಳಿದ ಸಂಗತಿ. ಗ್ರೀಸಿನಲ್ಲಿ ಇರುವಂತಹ ಅವಕಾಶ ನಮ್ಮ ಕಾಯಿದೆಯಲ್ಲಿ ಇಲ್ಲ. ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲವೆನಿಸುವ ವರ್ತನೆ ಹಿಂದಿನ ದಂಡಸಂಹಿತೆಯಲ್ಲೂ ಅಪರಾಧ, 2024ರ ಜುಲೈನಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲೂ ಅಪರಾಧ. ಇದನ್ನೆಲ್ಲ ಸೊಸೆ ವಿವರಿಸುತ್ತಿದ್ದಂತೆ ತಮ್ಮಂದಿರು, "ನೋಡಿದೆಯಾ!" ಎಂದರು. "ಇನ್ನೊಂದನ್ನೂ ಕೇಳಿ ಮಾವಾ. ಹೆಣ್ಣನ್ನು ಅವಳ ಮರೆಯ ಸ್ಥಿತಿಯಲ್ಲಿ ಕದ್ದು ನೋಡುವುದು, ಚಿತ್ರ ತೆಗೆಯುವುದು 2013ರಿಂದ ಅಪರಾಧವೇ" ಎಂದಳು.

ಮರುದಿನ ನಸುಕಿನಲ್ಲಿ ಕೋಣೆಯಲ್ಲೇ ಲಿಂಗಪೂಜೆ ಮುಗಿಸಿದೆವು. ದೊಡ್ಡವ್ವನಿಗೆ ಒಂದೇ ಚಿಂತೆ, ಅಲೆಯ ಹೊಡೆತಕ್ಕೆ ಕೊರಳ ಕರಡಿಗೆ ಕಳಚಿಹೋದರೆ? ಶಿವದಾರವನ್ನು ಎರಡು ಸುತ್ತು ಬಿಗಿದು, ಕರಡಿಗೆಯನ್ನು ರವಿಕೆಯೊಳಗೆ ಪಿನ್ನಿನಿಂದ ಸಿಕ್ಕಿಸಿಕೊಂಡರು. ಮೈಮೇಲೆ ಏನಿರದಿದ್ದರೂ ನಡೆದೀತು, ಲಿಂಗವಿಲ್ಲದೆ ನಡೆಯದೆಂದು ಕಲಿತು ಬೆಳೆದವರು ಅವರು. ಓಂ ದಂಡೆಯಿಂದ ದೋಣಿ ಹಿಡಿದೆವು. ಬಂಡೆಗಳನ್ನು ಬಳಸಿ ಹೋಗುವಾಗ ನೀರು ಹಸಿರಾಗಿ, ಅಡಿಯ ಕಲ್ಲು ಕಾಣುವಷ್ಟು ತಿಳಿಯಾಗಿತ್ತು. ಕೊನೆಯ ದಂಡೆಯಲ್ಲಿ ದೋಣಿ ಕಟ್ಟುವ ಕಟ್ಟೆಯಿಲ್ಲ. ಮೊಳಕಾಲುದ್ದ ನೀರಿನಲ್ಲಿ ಇಳಿಸಿಬಿಟ್ಟರು. ಸೀರೆ, ಧೋತರ ಒದ್ದೆ ಮಾಡಿಕೊಂಡೇ ಮರಳು ತುಳಿದೆವು. ಪುಟ್ಟ ದಂಡೆ; ಎರಡು ಕಡೆ ಕಪ್ಪು ಬಂಡೆ, ಹಿಂದೆ ಗುಡ್ಡದ ಕಾಡು. ಹಿಂದಿದ್ದ ಗುಡಿಸಲುಗಳನ್ನು ತೆಗೆಸಿದ್ದಾರೆ. ಹಕ್ಕಿಯ ದನಿ, ಅಲೆಯ ದನಿ.

ನಾವು ಮಾತ್ರವೇ ಎಂದು ತಿಳಿದಿದ್ದೆವು. ನಮ್ಮ ಹನ್ನೆರಡು ವರ್ಷದ ಮೊಮ್ಮಗ ಬಂಡೆಯ ಆ ಮಗ್ಗುಲಿಗೆ ಓಡಿದವನು ಗಕ್ಕನೆ ನಿಂತ. ಅವನ ಹಿಂದೆ ಹೋದ ನಮಗೂ ಕಂಡಿತು. ನರೆಗೂದಲಿನ ವಿದೇಶೀ ದಂಪತಿಗಳು. ಇಬ್ಬರೂ ಎಪ್ಪತ್ತರ ಆಸುಪಾಸಿನವರು. ಇಬ್ಬರ ಮೈಮೇಲೂ ಬಟ್ಟೆಯಿರಲಿಲ್ಲ. ಗಂಡಸು ನಮ್ಮನ್ನು ಕಂಡೊಡನೆ ಬಳಿಯಲ್ಲಿದ್ದ ಲುಂಗಿಯನ್ನು ಸುತ್ತಿಕೊಂಡರು. ಹೆಂಗಸು ಎದೆಮಟ್ಟದ ನೀರಿನಲ್ಲಿದ್ದರು. ಅವರ ಬಟ್ಟೆ ದೂರದ ಕಲ್ಲಿನ ಮೇಲಿತ್ತು. ನಾವು ಬೆನ್ನು ತಿರುಗಿಸಿದೆವು. ಸಂಕೋಚದಿಂದ ಏನು ಮಾಡಬೇಕೆಂದು ತೋಚದ ಆ ಗಳಿಗೆಯಲ್ಲೇ ಇನ್ನೊಂದು ದೋಣಿ ಬಂಡೆಯನ್ನು ಬಳಸಿ ಬಂತು. ಅದರಲ್ಲಿ ಏಳೆಂಟು ತರುಣರು. ನೀರಿನಲ್ಲಿದ್ದ ಮುದುಕಿಯನ್ನು ಕಂಡವರೇ ಸಿಳ್ಳೆ ಹೊಡೆದರು. ನೋಡನೋಡುತ್ತಿದ್ದಂತೆ ಅಷ್ಟೂ ಕೈಗಳಲ್ಲಿ ಮೊಬೈಲುಗಳು ಮೇಲೆದ್ದವು.

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು: ನಮ್ಮ ಮೊಮ್ಮಗನ ಕೈಯಲ್ಲಿದ್ದ ಅಪ್ಪನ ಮೊಬೈಲೂ ಮೇಲೆದ್ದಿತು. ಹೋಗುವ ಮುನ್ನ ಬಟ್ಟೆಯ ವಿಷಯವಾಗಿ ಅಷ್ಟೆಲ್ಲ ತರ್ಕ ಮಾಡಿದ ನಾವು, ಕಣ್ಣಿನ ವಿಷಯವಾಗಿ ಆ ಮಗುವಿಗೆ ಒಂದು ಮಾತನ್ನೂ ಹೇಳಿಕೊಟ್ಟಿರಲಿಲ್ಲ.

ದೊಡ್ಡವ್ವ ಬೈಯಲಿಲ್ಲ. ಮೊಬೈಲನ್ನು ಅವನ ಕೈಯಿಂದ ತೆಗೆದುಕೊಂಡು ಬುತ್ತಿಯ ಚೀಲಕ್ಕೆ ಹಾಕಿದರು. "ಆಕಿ ನನ್ನ ಓರಗಿಯಾಕಿ ಅದಾಳ" ಎಂದರು. ಬಳಿಕ ಮರುಡಿಗೆಗೆಂದು ತಂದಿದ್ದ ಇಳಕಲ್ಲ ಸೀರೆಯನ್ನು ಚೀಲದಿಂದೆಳೆದು ಸೊಸೆಯ ಕೈಗೆ ಒಂದು ತುದಿ ಕೊಟ್ಟರು. ಮನೆಯ ಹೆಂಗಸರಿಗೆ ಹೆಚ್ಚಿನ ಮಾತು ಬೇಕಾಗಲಿಲ್ಲ. ಹುಲಿಗಿಯ ಜಾತ್ರೆಯಲ್ಲಿ, ಹಂಪಿಯ ಹೊಳೆಯ ಮೆಟ್ಟಿಲಲ್ಲಿ, ಮಿಂದೇಳುವ ಹೆಂಗಸರಿಗೆ ಗುರುತಿಲ್ಲದ ಹೆಂಗಸರೂ ಸೀರೆಯನ್ನು ಗೋಡೆಯಂತೆ ಹಿಡಿಯುವುದುಂಟಷ್ಟೆ. ಹಾಗೆಯೇ ನಾಲ್ವರು ಸೀರೆಯನ್ನು ಹಿಡಿದು ನೀರಿಗಿಳಿದರು. ಅಲೆಗೆ ಎರಡು ಸಲ ಮುಗ್ಗರಿಸಿದರು. ಕಡಲು ಬೇಡವೆಂದು ಹೆದರುತ್ತಿದ್ದ ನಮ್ಮ ಮನೆಯವರು ಸೊಂಟಮಟ್ಟದ ನೀರಿನಲ್ಲಿ, ಆ ಸೀರೆಯ ಮರೆಯನ್ನು ದೋಣಿಯ ದಿಕ್ಕಿಗೆ ಅಡ್ಡವಾಗಿ ಹಿಡಿದು ನಿಂತದ್ದನ್ನು ನಾವು ಮರೆಯಲಾರೆವು. ಇತ್ತ ತಮ್ಮಂದಿರು, ಈ ಯಾತ್ರೆಯನ್ನೇ ಬೇಡವೆಂದಿದ್ದವರು, ದಂಡೆಯಂಚಿಗೆ ಹೋಗಿ ದೋಣಿಯ ಹುಡುಗರಿಗೆ ಗಟ್ಟಿ ದನಿಯಲ್ಲಿ, "ನಿಮ್ಮ ಮನೆಯಲ್ಲಿ ಅಜ್ಜಿ ಇಲ್ಲವೇನ್ರೋ?" ಎಂದು ಕೇಳಿದರು. ದೋಣಿ ನಡೆಸುವಾತನಿಗೂ ಇರುಸುಮುರುಸಾಯಿತೆಂದು ತೋರುತ್ತದೆ. ದೋಣಿಯನ್ನು ಹಾಫ್ ಮೂನ್ ಕಡೆಗೆ ತಿರುಗಿಸಿದ.

ಆಕೆ ಸೀರೆಯ ಮರೆಯಲ್ಲಿ ದಂಡೆಗೆ ಬಂದು, ಬಟ್ಟೆ ತೊಟ್ಟು, ದೊಡ್ಡವ್ವನಿಗೆ ಕೈ ಮುಗಿದರು. ಬಳಿಕ ಎಲ್ಲರೂ ಕೂಡಿಯೇ ಕುಳಿತೆವು. ಜರ್ಮನಿಯ ಪೂರ್ವಭಾಗದವರು, ಅನೇಕ ವರ್ಷಗಳಿಂದ ಚಳಿಗಾಲಕ್ಕೆ ಈ ಕಡೆಗೆ ಬರುತ್ತಾರಂತೆ. ಬಾಲ್ಟಿಕ್ ಕಡಲ ದಂಡೆಯಲ್ಲಿ ಬಟ್ಟೆಯಿಲ್ಲದೆ ಮೀಯುವುದು ಅವರ ನಾಡಿನಲ್ಲಿ ತಂದೆತಾಯಿ, ಮಕ್ಕಳು ಕೂಡಿ ನಡೆಸುವ ಹಳೆಯ ರೂಢಿ. ಅದಕ್ಕೊಂದು ಚಳವಳಿಯೂ ಹೆಸರೂ ಇದೆ. ಕಮ್ಯುನಿಸ್ಟ್ ಆಳ್ವಿಕೆಯ ಕಾಲದಲ್ಲೂ ಅದು ಜನಪ್ರಿಯವಾಗಿತ್ತೆಂದರು. ಇಲ್ಲಿಯ ಕಾಯಿದೆ ತಮಗೆ ಗೊತ್ತು, ಈ ಹೊತ್ತಿನಲ್ಲಿ ಯಾರೂ ಬರಲಾರರೆಂದು ತಿಳಿದದ್ದು ತಪ್ಪಾಯಿತು, ಮಕ್ಕಳ ಎದುರು ಹೀಗಾಯಿತೆಂದು ಆಕೆ ಮತ್ತೆ ಮತ್ತೆ ಕ್ಷಮೆ ಕೇಳಿದರು. ತಪ್ಪೇ, ಬಂದ ನಾಡಿನ ನಡೆಯನ್ನು ಅರಿತು ನಡೆಯಬೇಕಾದದ್ದು ಅತಿಥಿಯ ಧರ್ಮ, ಆ ಮಾತನ್ನು ಸೊಸೆಯ ಮೂಲಕ ನಾವೂ ಸೌಮ್ಯವಾಗಿ ತಿಳಿಸಿದೆವು. ಕ್ಷಮೆ ಕೇಳಬೇಕಾದವರು ನಮ್ಮಲ್ಲಿಯೂ ಒಬ್ಬನಿದ್ದ. ಅವನು ಅಮ್ಮನ ಬೆನ್ನ ಹಿಂದೆ ತಲೆ ತಗ್ಗಿಸಿ ಕುಳಿತಿದ್ದ. ಒತ್ತಾಯಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನೇ ಎದ್ದು, ಎರಡು ಶೇಂಗಾ ಹೋಳಿಗೆ ತಂದು ಆಕೆಯ ಕೈಗಿಟ್ಟು ಓಡಿಹೋದ.

ರೊಟ್ಟಿಯನ್ನು ಅವರು ಇಷ್ಟಪಟ್ಟು ತಿಂದರು. ಗುರೆಳ್ಳ ಪುಡಿಯ ಖಾರಕ್ಕೆ ಆ ಗಂಡಸಿನ ಕಣ್ಣಲ್ಲಿ ನೀರು ಬಂತು, ಮಕ್ಕಳಿಗೆ ನಗು. ಬಿಸಿಲೇರುವ ಮುನ್ನ ನಮ್ಮ ಹೆಂಗಸರು, ಹೇಗೂ ಒದ್ದೆಯಾಗಿದೆಯಲ್ಲ ಎಂದು, ಉಟ್ಟ ಸೀರೆಯಲ್ಲೇ ಮತ್ತೊಮ್ಮೆ ನೀರಿಗಿಳಿದರು. ದೊಡ್ಡವ್ವ ಒಂದು ಕೈಯಿಂದ ಎದೆಯ ಕರಡಿಗೆಯನ್ನು ಹಿಡಿದು, ಇನ್ನೊಂದು ಕೈಯನ್ನು ಆ ಜರ್ಮನ್ ಅಜ್ಜಿಗೆ ಕೊಟ್ಟು, ಒಂದೊಂದು ಅಲೆ ಬಂದಾಗಲೂ ಹುಡುಗಿಯಂತೆ ಕೂಗುತ್ತ ನಿಂತಿದ್ದರು. ನಾವು ಬಂಡೆಯ ಈಚೆಗೆ ಕಾಡಿನ ಕಡೆ ಮುಖ ಮಾಡಿ ಕುಳಿತಿದ್ದರಿಂದ ಆ ನಗೆಯ ಸದ್ದನ್ನಷ್ಟೇ ಕೇಳಿದೆವು. ಇಳಕಲ್ಲ ಸೀರೆಯನ್ನು ಬಂಡೆಯ ಮೇಲೆ ಹರವಿ ನಾಲ್ಕು ಮೂಲೆಗೆ ಕಲ್ಲಿಟ್ಟಿದ್ದರು. ಒಣಗಿದ ಮೇಲೆ ಉಪ್ಪಿನ ಬಿಳಿ ಗೆರೆಗಳು ಉಳಿದವು. ಊರಿಗೆ ಬಂದು ಎರಡು ಸಲ ಒಗೆದರೂ ಸೆರಗಿನ ಬಣ್ಣ ಮೊದಲಿನಂತಾಗಲಿಲ್ಲವೆಂದು ಸೊಸೆಗೆ ಈಗಲೂ ಬೇಸರವಿದೆ.

ಬಂದ ವಾರದಲ್ಲಿ ಯೂರೋಪಿನ ಹುಡುಗನ ಕರೆ ಬಂತು. ದೊಡ್ಡವ್ವ ನಡೆದದ್ದನ್ನೆಲ್ಲ ಅವನಿಗೆ ಸಾದ್ಯಂತ ಹೇಳಿ, ಆ ಗ್ರೀಸಿನ ದ್ವೀಪದಲ್ಲಿ ನೀರಿನಿಂದೇಳುವ ಹೆಂಗಸರಿಗೆ ಸೀರೆ ಹಿಡಿಯುವವರು ಯಾರೆಂದು ಕೇಳಿದರು. ಅಲ್ಲಿ ಯಾರೂ ನೋಡುವುದಿಲ್ಲವಾದ್ದರಿಂದ ಯಾರೂ ಹಿಡಿಯುವುದಿಲ್ಲವೆಂದು ಅವನು ನಕ್ಕ. ದೊಡ್ಡವ್ವ ಸ್ವಲ್ಪ ಯೋಚಿಸಿ, "ಮತ್ತ ಗಾಳಿಗೆ ಥಂಡಿ ಆಗಂಗಿಲ್ಲೇನು?" ಎಂದರು.